ಬರೆಯದೆ ಉಳಿದ ಬಾಕಿ

ತಂದೆ ಮಾಡಿದ ಸಾಲವನ್ನು ಮಗನು ತೀರಿಸತಕ್ಕದ್ದು ಎಂಬುದು ವ್ಯಾಪಾರಸ್ಥರ ಮನೆಗಳಲ್ಲಿ ಹಿಂದಿನಿಂದ ನಡೆದುಬಂದ ರೂಢಿ. ಕಾನೂನು ಏನೇ ಹೇಳಲಿ, ಪೇಟೆಯಲ್ಲಿ ಹೆಸರುಳ್ಳ ಮನೆತನಗಳು ಈ ರೂಢಿಗೆ ತಪ್ಪಿದ್ದು ಕಡಿಮೆ. ಆದರೆ ಹಾಗೆ ತೀರಿಸಬೇಕಾದರೆ ಸಾಲವು ಎಲ್ಲಿಯಾದರೂ ಬರೆದಿರಬೇಕು, ಯಾರಿಗೆ ಎಷ್ಟು ಸಲ್ಲಬೇಕೆಂಬುದು ವಾರಸುದಾರನಿಗೆ ತಿಳಿದಿರಬೇಕು. ಖಾತೆಯ ಪುಸ್ತಕದಲ್ಲಿ ಕಾಣದ ಬಾಕಿಯು, ಅದು ಒಂದು ದಿನ ಬಾಗಿಲಿಗೆ ಬಂದು ನಿಲ್ಲುವವರೆಗೆ, ಅವನ ಪಾಲಿಗೆ ಇಲ್ಲದಂತೆಯೇ ಸರಿ. ಶರೀರದಲ್ಲಿಯೂ ಇಂತಹ ಬಾಕಿಗಳುಂಟು. ಅವು ಅಜ್ಜನಿಂದ ತಾಯಿಗೆ, ತಾಯಿಯಿಂದ ಮಗಳಿಗೆ ಸದ್ದಿಲ್ಲದೆ ಇಳಿದುಬರುತ್ತವೆ. ಅವುಗಳನ್ನು ಬರೆದಿಡುವವರೂ ಇಲ್ಲ, ಬಾಯಿಬಿಟ್ಟು ಹೇಳುವವರೂ ವಿರಳ. ಅಂತಹ ಒಂದು ಬಾಕಿಯ ವಿಚಾರವೇ ಪ್ರಕೃತ ಲೇಖನದ ವಸ್ತು.

ಕೊಲಾಜೆನ್ ಎಂಬುದು ನಮ್ಮ ಶರೀರದಲ್ಲಿ ಹೇರಳವಾಗಿರುವ ಪ್ರೋಟೀನು. ಚರ್ಮಕ್ಕೂ ಎಲುಬಿಗೂ ಕೀಲುಗಳಿಗೂ ಇದೇ ನೂಲು, ಇದೇ ನೇಯ್ಗೆ. ಇದರಲ್ಲಿ ಹಲವು ಬಗೆಗಳಿದ್ದು ವಿಜ್ಞಾನಿಗಳು ಅವುಗಳಿಗೆ ಹೆಸರಿನ ಬದಲು ಅಂಕೆಗಳನ್ನು ಕೊಟ್ಟಿದ್ದಾರೆ. ಎರಡನೆಯ ಬಗೆಯದು ಮುಖ್ಯವಾಗಿ ಕೀಲುಗಳ ಮೃದ್ವಸ್ಥಿಯಲ್ಲಿಯೂ ಕಣ್ಣುಗುಡ್ಡೆಯ ಒಳಭಾಗವನ್ನು ತುಂಬಿರುವ ಗಾಜಿನಂತೆ ನಿರ್ಮಲವಾದ ಲೋಳೆಯಲ್ಲಿಯೂ ಇರುತ್ತದೆ. ಈ ನೂಲಿನ ಮಾದರಿಯ ಎರಡು ಪ್ರತಿಗಳು ಪ್ರತಿಯೊಬ್ಬರಲ್ಲೂ ಇವೆ. ತಂದೆಯಿಂದ ಒಂದು, ತಾಯಿಯಿಂದ ಒಂದು. ಅವೆರಡರಲ್ಲಿ ಒಂದು ಪ್ರತಿಯಲ್ಲಿ ಅಕ್ಷರದೋಷ ಬಿದ್ದು ಓದು ನಡುವೆಯೇ ನಿಂತುಹೋದರೆ ಬೇಕಾದ ನೂಲಿನ ಅರ್ಧ ಮಾತ್ರ ಸಿದ್ಧವಾಗುತ್ತದೆ. ಅಂತಹ ಮಗು ಹುಟ್ಟುವಾಗ ಅಂಗುಳು ಸೀಳಿರಬಹುದು, ಗದ್ದ ಚಿಕ್ಕದಾಗಿರಬಹುದು. ಮುಂದೆ ಕಿವಿ ಸ್ವಲ್ಪ ಮಂದವಾಗಬಹುದು, ಚಿಕ್ಕ ವಯಸ್ಸಿನಲ್ಲಿಯೇ ಮಂಡಿ ನೋಯಬಹುದು. ಇವೆಲ್ಲವೂ ಒಬ್ಬರಲ್ಲಿಯೇ ಸೇರಿ ಕಾಣಿಸಬೇಕೆಂಬ ನಿಯಮವಿಲ್ಲ. ಒಂದೇ ಮನೆಯಲ್ಲಿ ಅಣ್ಣನಿಗೆ ಕಿವಿ, ತಂಗಿಗೆ ಮಂಡಿ ಎಂದಾದರೆ ಅವೆರಡೂ ಒಂದೇ ಬೇರಿನ ಕೊಂಬೆಗಳೆಂದು ಊಹಿಸುವವರು ಯಾರು? ಆದರೆ ಕಣ್ಣು ಮಾತ್ರ ಬಹುಮಟ್ಟಿಗೆ ತಪ್ಪಿಸಿಕೊಳ್ಳುವುದಿಲ್ಲ.

ಇದಕ್ಕೆ ಸ್ಟಿಕ್ಲರ್ ರೋಗಲಕ್ಷಣ ಎಂದು ಹೆಸರು. ಅಮೆರಿಕೆಯ ಮಿನೆಸೋಟಾ ರಾಜ್ಯದ ರಾಚೆಸ್ಟರ್ ನಗರದಲ್ಲಿರುವ ಮೇಯೋ ಚಿಕಿತ್ಸಾಲಯಕ್ಕೆ ೧೯೬೦ರಲ್ಲಿ ಹನ್ನೆರಡು ವರ್ಷದ ಬಾಲಕನೊಬ್ಬ ಬಂದನು. ಅವನ ಕೀಲುಗಳು ದಪ್ಪಗಿದ್ದವು, ಸಮೀಪದೃಷ್ಟಿ ತೀವ್ರವಾಗಿತ್ತು, ತಾಯಿ ಸಂಪೂರ್ಣ ಕುರುಡಿಯಾಗಿದ್ದಳು. ಮಕ್ಕಳ ವೈದ್ಯರಾದ ಗುನ್ನಾರ್ ಸ್ಟಿಕ್ಲರ್ ಆ ಕುಟುಂಬದ ಹಳೆಯ ಕಾಗದಗಳನ್ನು ಹುಡುಕಿದಾಗ, ಅದೇ ಮನೆತನದ ಹಿರಿಯರೊಬ್ಬರನ್ನು ೧೮೮೭ರಷ್ಟು ಹಿಂದೆಯೇ ಡಾ. ಚಾರ್ಲ್ಸ್ ಮೇಯೋ ಅವರು ಪರೀಕ್ಷಿಸಿದ್ದ ಸಂಗತಿ ದೊರೆಯಿತು. ಐದು ತಲೆಮಾರುಗಳ ವೃತ್ತಾಂತವನ್ನು ಕೂಡಿಸಿ ಅವರು ೧೯೬೫ರಲ್ಲಿ ಪ್ರಕಟಿಸಿದರು. ಆಸ್ಪತ್ರೆಯೊಂದು ಎಪ್ಪತ್ತಕ್ಕೂ ಮೀರಿದ ವರ್ಷಗಳ ದಾಖಲೆಯನ್ನು ಕಾಪಾಡಿಕೊಂಡು ಬಂದುದರಿಂದ ರೋಗವೊಂದಕ್ಕೆ ಗುರುತು ಸಿಕ್ಕಿತು ಎಂಬುದನ್ನು, ಲೆಕ್ಕಪತ್ರ ಇಡುವ ಕಸುಬಿನವರು ವಿಶೇಷವಾಗಿ ಗಮನಿಸಬಹುದು.

ಇನ್ನು ಕಣ್ಣಿನ ವಿಚಾರ. ಕಣ್ಣುಗುಡ್ಡೆಯ ಹಿಂಭಾಗದ ಒಳಗೋಡೆಗೆ ಅಕ್ಷಿಪಟಲವೆಂಬ ತೆಳುವಾದ ಪೊರೆ ಹಚ್ಚಿಕೊಂಡಿದೆ. ಹೊರಗಿನ ದೃಶ್ಯ ಬೀಳುವುದು ಇದರ ಮೇಲೆ. ಇದನ್ನು ಗೋಡೆಗೆ ಅಂಟಿಸಿದವರಿಲ್ಲ. ಒಳಗಿನ ಲೋಳೆಯ ಒತ್ತಾಸೆಯಿಂದಲೂ ಹಿಂದಿನ ಪದರವು ನೀರನ್ನು ಹೀರುತ್ತಿರುವುದರಿಂದಲೂ ಅದು ತನ್ನ ಸ್ಥಾನದಲ್ಲಿ ನಿಂತಿರುತ್ತದೆ, ಅಷ್ಟೇ. ಸ್ಟಿಕ್ಲರ್ ಇರುವವರಲ್ಲಿ ಆ ಲೋಳೆಯೇ ಸರಿಯಾಗಿ ಕಟ್ಟಿರುವುದಿಲ್ಲ. ಮೊಸರಾಗಬೇಕಾದಲ್ಲಿ ನೀರು ಮಜ್ಜಿಗೆ. ಕಣ್ಣುಗುಡ್ಡೆಯೂ ಹುಟ್ಟಿನಿಂದಲೇ ಉದ್ದವಾಗಿರುವುದರಿಂದ ಪೊರೆಯು ಎಳೆದು ಹಾಸಿದ ಬಟ್ಟೆಯಂತೆ ತೆಳುವಾಗುತ್ತದೆ. ಅದು ಅಂಚಿನಲ್ಲಿ ಹರಿದರೆ ಒಳಗಿನ ನೀರು ಹರಕಿನ ಮೂಲಕ ಹಿಂದಕ್ಕೆ ನುಗ್ಗಿ, ಗೋಡೆಯಿಂದ ಸುಣ್ಣದ ಹಕ್ಕಳೆ ಏಳುವಂತೆ ಪೊರೆಯನ್ನು ಎಬ್ಬಿಸುತ್ತದೆ. ಈ ರೋಗದಲ್ಲಿ ಹರಕು ಅನೇಕ ವೇಳೆ ಗಡಿಯಾರದ ಮುಖದ ಕಾಲುಭಾಗಕ್ಕಿಂತಲೂ ದೊಡ್ಡದಾಗಿರುತ್ತದೆ, ಪೊರೆ ಮಡಿಸಿಕೊಂಡು ಬೀಳುತ್ತದೆ. ವಯಸ್ಕನಾದರೆ ಮಿಂಚು ಕಂಡಿತು, ಕಪ್ಪು ಚುಕ್ಕೆಗಳು ತೇಲಿದವು, ಪಕ್ಕದಿಂದ ಪರದೆ ಇಳಿದಂತಾಯಿತು ಎಂದು ಹೇಳುತ್ತಾನೆ. ಮಗು ಹೇಳುವುದಿಲ್ಲ. ಒಂದು ಕಣ್ಣು ಕೆಲಸ ಮಾಡುತ್ತಿರುವವರೆಗೆ ಇನ್ನೊಂದು ನಿಂತುಹೋದುದು ಅದಕ್ಕೆ ತಿಳಿಯುವುದೂ ಇಲ್ಲ.

ಮಲ್ಲತ್ತಹಳ್ಳಿಯ ಕೆರೆಯಿಂದ ಅನತಿದೂರದ ಒಂದು ಮನೆಯಲ್ಲಿ ೨೦೧೮ರಲ್ಲಿ ನಡೆದುದು ಹೀಗೆಯೇ. ಹೆಸರುಗಳು ಇಲ್ಲಿ ಬೇಡ. ಮನೆಯ ಯಜಮಾನ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವವನು. ಮಗಳಿಗೆ ಆಗ ಹತ್ತು ವರ್ಷ. ಮೂರನೆಯ ವಯಸ್ಸಿನಿಂದ ದಪ್ಪ ಗಾಜಿನ ಕನ್ನಡಕ. ಎಳವೆಯಲ್ಲಿ ಅಂಗುಳಿನ ಸೀಳಿಗೆ ಶಸ್ತ್ರಕ್ರಿಯೆ ಆಗಿತ್ತು, ಮಾತು ಸ್ಪಷ್ಟವಾಗಿ ಬಂದಿತ್ತು, ಆ ಅಧ್ಯಾಯ ಮುಗಿಯಿತೆಂದೇ ಎಲ್ಲರೂ ತಿಳಿದಿದ್ದರು. ಅಂಗುಳನ್ನು ನೋಡಿದವರು ಕಣ್ಣಿನ ಮಾತೆತ್ತಲಿಲ್ಲ, ಕನ್ನಡಕ ಕೊಟ್ಟವರು ಅಂಗುಳಿನ ಸುದ್ದಿ ಕೇಳಲಿಲ್ಲ. ಹುಡುಗಿ ಪುಸ್ತಕ ಹಿಡಿಯುವಾಗ ತಲೆಯನ್ನು ಒಂದು ಪಕ್ಕಕ್ಕೆ ಓರೆ ಮಾಡುತ್ತಾಳೆಂಬುದನ್ನು ಮೊದಲು ಕಂಡವಳು ಶಾಲೆಯ ಉಪಾಧ್ಯಾಯಿನಿ. ರಾಜಾಜಿನಗರದ ಕಡೆಯ ಒಂದು ಕಣ್ಣಾಸ್ಪತ್ರೆಯಲ್ಲಿ ಪಾಪೆ ಹಿಗ್ಗಿಸುವ ಹನಿ ಹಾಕಿ ನೋಡಿದಾಗ ಎಡಗಣ್ಣಿನ ಅಕ್ಷಿಪಟಲವು ಬಹುಭಾಗ ಕಳಚಿತ್ತು. ನಡುವಿನ ಸೂಕ್ಷ್ಮದೃಷ್ಟಿಯ ಸ್ಥಾನವೂ ಎದ್ದಿತ್ತು.

ಕನ್ನಡನಾಡಿನಲ್ಲಿ ಕಣ್ಣಿನ ಶಸ್ತ್ರಕ್ರಿಯೆ ಎಂದೊಡನೆ ನೆನಪಾಗುವುದು ಪೊರೆ ತೆಗೆಯುವ ಶಿಬಿರ. ಡಾ. ಎಂ. ಸಿ. ಮೋದಿಯವರು ಊರೂರು ತಿರುಗಿ ಲಕ್ಷಗಟ್ಟಲೆ ಜನರಿಗೆ ದೃಷ್ಟಿ ಕೊಟ್ಟ ಪುಣ್ಯಕಾರ್ಯವನ್ನು ಹಳಬರು ಕಂಡಿದ್ದಾರೆ. ಮೋತಿಬಿಂದು ಕಾಯುತ್ತದೆ; ಈ ವರ್ಷದ ಶಿಬಿರ ತಪ್ಪಿದರೆ ಮುಂದಿನ ವರ್ಷ ಆದೀತು. ಅಕ್ಷಿಪಟಲ ಕಾಯುವುದಿಲ್ಲ. ನಡುಭಾಗ ಏಳುವ ಮುನ್ನ ಕೂರಿಸಿದರೆ ಓದುವ ದೃಷ್ಟಿ ಉಳಿಯುವ ಭರವಸೆ ಉಂಟು. ಎದ್ದ ಮೇಲೆ ಪೊರೆ ಕೂತರೂ ದೃಷ್ಟಿ ಪೂರ್ತಿ ಮರಳುವುದು ಅಪರೂಪ. ಈ ಭೇದವನ್ನು ಅರಿಯದೆ, ದಾನಿಗಳ ಶಿಬಿರಕ್ಕೆ ಕಾಯೋಣವೆಂದು ಆ ತಂದೆಗೆ ಹಿತವಚನ ಹೇಳಿದವರಿದ್ದರು. ಅವನು ಕೇಳಲಿಲ್ಲ, ಚೀಟಿಯ ಹಣ ಎತ್ತಿ, ನಾಲ್ಕನೆಯ ದಿನ ಮಗಳನ್ನು ಶಸ್ತ್ರಕ್ರಿಯೆಗೆ ಒಪ್ಪಿಸಿದನು.

ಒಂದು ಶತಮಾನದ ಹಿಂದೆ ಅಕ್ಷಿಪಟಲ ಕಳಚಿತೆಂದರೆ ಕಣ್ಣು ಹೋಯಿತೆಂದೇ ಅರ್ಥ. ಹರಕನ್ನು ಹುಡುಕಿ ಮುಚ್ಚಿದರೆ ಪೊರೆ ತಾನಾಗಿ ಕೂರುತ್ತದೆಂದು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ಜೂಲ್ಸ್ ಗೊನ್ಯಾಂ ಹಲವು ವರ್ಷ ಹೇಳುತ್ತ ಬಂದರೂ ನಂಬಿದವರು ಕಡಿಮೆ. ೧೯೨೯ರ ಆಮ್‌ಸ್ಟರ್‌ಡಾಂ ಸಮ್ಮೇಳನದ ಬಳಿಕವೇ ಲೋಕ ಒಪ್ಪಿತು. ಕಣ್ಣಿನ ಒಳಗೇ ಪ್ರವೇಶಿಸಿ ಲೋಳೆಯನ್ನು ಕತ್ತರಿಸಿ ತೆಗೆಯುವ ವಿಧಾನವನ್ನು ರಾಬರ್ಟ್ ಮ್ಯಾಕೆಮರ್ ಅಮೆರಿಕೆಯ ಮಯಾಮಿಯಲ್ಲಿ ರೂಢಿಗೆ ತಂದದ್ದು ೧೯೭೦ರ ದಶಕದ ಆರಂಭದಲ್ಲಿ. ಆ ಬಾಲಕಿಗೆ ಮಾಡಿದುದೂ ಇದನ್ನೇ. ಕಣ್ಣಿನ ಬಿಳಿಭಾಗದಲ್ಲಿ ಒಂದು ಮಿಲಿಮೀಟರಿಗೂ ಕಡಿಮೆ ಅಗಲದ ಮೂರು ರಂಧ್ರಗಳು: ಒಂದು ದ್ರವ ಹಾಯಿಸಲು, ಒಂದು ದೀಪಕ್ಕೆ, ಒಂದು ಕತ್ತರಿಗೆ. ಕೆಟ್ಟ ಲೋಳೆಯನ್ನು ತೆಗೆದು, ನೀರಿಗಿಂತ ಬಹಳ ಭಾರವಾದ ಒಂದು ದ್ರವವನ್ನು ತುಂಬಿದರೆ ಅದು ತಳಕ್ಕಿಳಿಯುತ್ತ, ಮುದುಡಿದ ಪೊರೆಯನ್ನು ಅಂಗೈಯಿಂದ ನೇವರಿಸಿದ ಹಾಗೆ ಬಿಡಿಸಿ ಹಾಸುತ್ತದೆ. ಆ ಮೇಲೆ ಲೇಸರ್ ಕಿರಣದಿಂದ ಹರಕಿನ ಅಂಚಿಗೆ ಸುತ್ತಲೂ ಸಣ್ಣ ಸಣ್ಣ ಸುಟ್ಟ ಚುಕ್ಕೆಗಳು. ಗಾಯ ಮಾಗುವಾಗ ಪೊರೆ ಗೋಡೆಗೆ ಬೆಸೆಯುತ್ತದೆ. ಕೊನೆಗೆ ಭಾರದ ದ್ರವವನ್ನು ತೆಗೆದು ಸಿಲಿಕೋನ್ ಎಣ್ಣೆ ತುಂಬಿದರು. ಅನಿಲವನ್ನು ತುಂಬುವುದೂ ಉಂಟು. ಅದು ಕೆಲವು ವಾರಗಳಲ್ಲಿ ತಾನೇ ಕರಗುತ್ತದೆ, ಆದರೆ ಕರಗುವವರೆಗೆ ವಿಮಾನ ಏರುವಂತಿಲ್ಲ, ಎತ್ತರದ ಘಟ್ಟ ಹತ್ತುವಂತಿಲ್ಲ. ಎಣ್ಣೆ ಕರಗುವುದಿಲ್ಲ, ಅದನ್ನು ತೆಗೆಯಲು ಇನ್ನೊಂದು ಶಸ್ತ್ರಕ್ರಿಯೆ ಬೇಕು, ಅಷ್ಟರಲ್ಲಿ ಮೋತಿಬಿಂದು ಬೆಳೆಯುವುದು ಸಾಮಾನ್ಯ. ಹತ್ತು ವರ್ಷದ ಮಗು ಕೆಲವು ದಿನ ಮುಖ ಕೆಳಗೆ ಮಾಡಿ ಮಲಗಿರಬೇಕು. ತಾಯಿ ನೆಲದ ಮೇಲೆ ಅಂಗಾತ ಮಲಗಿ, ಮಂಚದಂಚಿನಿಂದ ಕೆಳಗೆ ನೋಡುತ್ತಿದ್ದ ಮಗಳಿಗೆ ಕಥೆ ಓದಿ ಹೇಳುತ್ತಿದ್ದಳಂತೆ.

ಶಸ್ತ್ರಕ್ರಿಯೆಗಿಂತ ಕಠಿನವಾದುದು ಇದರ ಬಳಿಕ ಬಂದಿತು. ಸರಿಯಾಗಿದ್ದ ಬಲಗಣ್ಣಿಗೂ ಅಂಚಿನ ಸುತ್ತ ಬೆಸುಗೆ ಹಾಕುವುದು ಒಳ್ಳೆಯದೆಂದು ವೈದ್ಯರು ಸೂಚಿಸಿದರು. ನೋವಿಲ್ಲದ, ನೋಡಬಲ್ಲ, ಈಗ ಒಂದೇ ಆಧಾರವಾಗಿರುವ ಕಣ್ಣಿಗೆ ಕೈ ಹಚ್ಚುವುದೆ? ತಂದೆ ಹದಿನೈದು ದಿನ ಒದ್ದಾಡಿದನು. ಇಂಗ್ಲೆಂಡಿನ ಕೇಂಬ್ರಿಜಿನಲ್ಲಿ, ಸ್ಟಿಕ್ಲರ್ ಇರುವವರಿಗೆ ಹರಕು ಬೀಳುವ ಮೊದಲೇ ಶೀತದಿಂದ ಅಂಚನ್ನು ಬೆಸೆಯುವ ಕ್ರಮವುಂಟು. ಅಲ್ಲಿಯವರು ೪೮೭ ಜನರ ದಾಖಲೆಗಳನ್ನು ಪರಿಶೀಲಿಸಿ ೨೦೧೪ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಎರಡು ಕಣ್ಣಿಗೂ ಈ ರಕ್ಷಣೆ ದೊರೆಯದವರಲ್ಲಿ ಅಕ್ಷಿಪಟಲ ಕಳಚುವ ಸಂಭವವು ದೊರೆತವರಿಗಿಂತ ಏಳು ಪಟ್ಟಿಗೂ ಮೀರಿತ್ತು. ಇದು ರೋಗಿಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ ನಡೆಸಿದ ಪ್ರಯೋಗವಲ್ಲ, ಹಿಂದೆ ನಡೆದುದನ್ನು ಹೋಲಿಸಿದ ಲೆಕ್ಕ; ಆದುದರಿಂದ ಎಲ್ಲ ವೈದ್ಯರೂ ಇದನ್ನು ಒಂದೇ ರೀತಿ ಒಪ್ಪುವುದಿಲ್ಲ, ಕೆಲವರು ಶೀತಕ್ಕೆ ಬದಲು ಲೇಸರನ್ನು ಬಳಸುತ್ತಾರೆ. ಆ ವೈದ್ಯರು ಇದನ್ನೂ ಮರೆಮಾಚದೆ ಹೇಳಿದರೆಂಬುದು ಮೆಚ್ಚತಕ್ಕ ಸಂಗತಿ. ಲೆಕ್ಕ ಬಲ್ಲ ತಂದೆ ಎರಡು ನಷ್ಟಗಳನ್ನು ಪಕ್ಕಪಕ್ಕದಲ್ಲಿ ಬರೆದು ನೋಡಿ ಒಪ್ಪಿಗೆ ಕೊಟ್ಟನು.

ಈ ಮಧ್ಯೆ ವೈದ್ಯರು ಒಂದು ಕಾಗದ ತೆಗೆದು, ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಬರೆಯುತ್ತ, ಮನೆತನದಲ್ಲಿ ಮತ್ತಾರಿಗಾದರೂ ಕಣ್ಣು ಹೋಗಿದೆಯೆ ಎಂದು ಕೇಳಿದ್ದರು. ‘ನಮ್ಮದು ಸಂಬಂಧದೊಳಗಿನ ಮದುವೆ ಅಲ್ಲ’ ಎಂದು ತಂದೆ ಉತ್ತರಿಸಿದನು. ಈ ಉತ್ತರ ಕನ್ನಡನಾಡಿನ ಬಹಳ ಮನೆಗಳಲ್ಲಿ ಕೇಳಿಬರುವಂಥದು. ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಟ್ಟರೆ ಮಕ್ಕಳಿಗೆ ದೋಷ ಬರಬಹುದೆಂಬ ತಿಳಿವಳಿಕೆ ಹರಡಿರುವುದು ಸರಿಯೇ. ಆದರೆ ಅದರಿಂದ, ಹೊರಗಿನಿಂದ ಹೆಣ್ಣು ತಂದರೆ ವಂಶದ ರೋಗ ಬರಲಾರದೆಂಬ ತಪ್ಪು ಸಮಾಧಾನವೂ ಬೆಳೆದಿದೆ. ರಕ್ತಸಂಬಂಧದ ಮದುವೆಯಿಂದ ಹೆಚ್ಚುವ ರೋಗಗಳಲ್ಲಿ ತಂದೆ ತಾಯಿ ಇಬ್ಬರಿಂದಲೂ ದೋಷದ ಪ್ರತಿ ಬರಬೇಕು. ಸ್ಟಿಕ್ಲರ್ ರೋಗಕ್ಕೆ, ಅದರ ಕೆಲವು ವಿರಳ ಬಗೆಗಳನ್ನು ಬಿಟ್ಟರೆ, ಒಬ್ಬರೇ ಸಾಕು. ರೋಗವಿರುವ ತಂದೆಗೋ ತಾಯಿಗೋ ಹುಟ್ಟುವ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಎರಡರಲ್ಲಿ ಒಂದು. ಮದುವೆ ಎಷ್ಟು ದೂರದವರೊಡನೆ ಆದರೂ ಈ ಪಾಲು ಬದಲಾಗದು.

ತಾಯಿ ಮೊದಲೆರಡು ಭೇಟಿಗಳಲ್ಲಿ ಏನನ್ನೂ ಹೇಳಲಿಲ್ಲ. ಮೂರನೆಯ ಸಲ ತನ್ನ ಅಣ್ಣನ ಹೆಸರೆತ್ತಿದಳು. ಅವನಿಗೆ ಒಂದು ಕಣ್ಣು ಕಾಣದು. ಹದಿಮೂರನೆಯ ವಯಸ್ಸಿನಲ್ಲಿ ಬುಗುರಿ ತಗುಲಿ ಹೋಯಿತೆಂದು ಮನೆಯಲ್ಲಿ ಹೇಳುತ್ತ ಬಂದಿದ್ದರು. ಅವರ ತಂದೆಗೂ ಕೊನೆಗಾಲದಲ್ಲಿ ಎರಡೂ ಕಣ್ಣು ಕಾಣುತ್ತಿರಲಿಲ್ಲ, ಕಿವಿ ಮಂದ. ಅದು ವೃದ್ಧಾಪ್ಯದ ಲೆಕ್ಕಕ್ಕೆ ಹೋಗಿತ್ತು, ಐವತ್ತೆರಡು ವೃದ್ಧಾಪ್ಯವಲ್ಲ ಎಂಬುದನ್ನು ಯಾರೂ ಎಣಿಸಿರಲಿಲ್ಲ. ಹೇಳುತ್ತಿರುವ ತಾಯಿಯ ಕನ್ನಡಕವನ್ನು ವೈದ್ಯರು ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು. ಮೂವತ್ತಾರರಲ್ಲಿಯೇ ಮೆಟ್ಟಿಲು ಹತ್ತಲು ಮಂಡಿ ಹಿಡಿಯುವವಳು ಅವಳು. ಕಾಗದದಲ್ಲಿ ನಾಲ್ಕು ಗುರುತುಗಳು ಕಪ್ಪಾದವು.

ಗಂಡ ಸಿಟ್ಟಾದನು, ಇಷ್ಟು ವರ್ಷ ಮುಚ್ಚಿಟ್ಟಳೆಂದು ಆಡಿದನು. ಆ ಸಿಟ್ಟು ಸಲ್ಲದೆಂದೇ ಹೇಳಬೇಕು. ಬುಗುರಿಯ ಕಥೆಯನ್ನು ಅವಳು ಕಟ್ಟಿದುದಲ್ಲ. ನಿಜವೆಂದೇ ಕೇಳಿ ಬೆಳೆದವಳು. ಪೆಟ್ಟು ಬಿದ್ದದ್ದೂ ಸುಳ್ಳಿರಲಾರದು. ಇಂತಹ ಕಣ್ಣಿಗೆ ಸಣ್ಣ ಪೆಟ್ಟೂ ನೆಪವಾಗಬಲ್ಲದು. ತಿಳಿಯದೆ ಮೌನವಾಗಿದ್ದವರ ಮೇಲೆ ಬಾಕಿ ಹೊರಿಸುವಂತಿಲ್ಲ. ಪ್ರಶ್ನೆ ಏಳುವುದು ತಿಳಿದ ಮರುದಿನದಿಂದ.

ಏಕೆಂದರೆ ಆ ಅಣ್ಣನಿಗೆ ಮಗಳಿದ್ದಳು. ಇಪ್ಪತ್ತೊಂದು ವರ್ಷ, ದಪ್ಪ ಕನ್ನಡಕ, ತುಮಕೂರಿನ ಕಡೆಯ ಒಳ್ಳೆಯ ಮನೆಯೊಂದರೊಡನೆ ಮದುವೆಯ ಮಾತುಕತೆ ಮುಗಿಯುತ್ತ ಬಂದಿತ್ತು. ಮದುವೆ ಆಗಿಹೋಗಲಿ, ಆಮೇಲೆ ನಿಧಾನವಾಗಿ ಹೇಳಿದರಾಯಿತು ಎಂದು ಮನೆಯ ಹಿರಿಯರು ತೀರ್ಪು ಕೊಟ್ಟರು. ಅವರು ಕೆಟ್ಟವರಲ್ಲ. ಪರರ ಗುಟ್ಟನ್ನು ಹೊರಗೆಡಹಬಾರದು, ಒಬ್ಬರ ಬಾಳು ಕೆಡಿಸುವ ನಿಜವನ್ನು ನುಡಿಯಬಾರದು ಎಂಬ ಸಂಸ್ಕಾರದಲ್ಲಿ ಬೆಳೆದವರು. ಆ ಸಂಸ್ಕಾರಕ್ಕೆ ಅದರದೇ ಆದ ಬೆಲೆಯಿದೆ. ಹೆಣ್ಣಿನ ಕಡೆಯ ದೋಷವೊಂದು ಬಾಯಿಗೆ ಬಿದ್ದರೆ ಅವಳೊಬ್ಬಳದಲ್ಲ, ತಂಗಿಯರ ಮದುವೆಯೂ ನಿಲ್ಲುತ್ತದೆಂಬುದು ಬರಿಯ ಭಯವಲ್ಲ, ಅನುಭವ. ಆದರೆ ಇಲ್ಲಿ ಗುಟ್ಟು ಯಾರದು? ಒಬ್ಬನು ಇಟ್ಟುಹೋದ ನ್ಯಾಸವನ್ನು ಅವನೇ ಮರೆತಿದ್ದರೂ, ಎಷ್ಟಿತ್ತೆಂದು ಅವನಿಗೇ ಗೊತ್ತಿಲ್ಲದಿದ್ದರೂ, ಇಟ್ಟುಕೊಂಡವನು ಅದನ್ನು ತನ್ನದೆನ್ನುವಂತಿಲ್ಲ. ಆ ಹುಡುಗಿಯ ಕಣ್ಣಿನ ಸಂಗತಿ ಅತ್ತೆಯ ಬಳಿ ಬಂದು ಬಿದ್ದ ನ್ಯಾಸ. ಅದರ ಒಡತಿ ಆ ಹುಡುಗಿ. ವರನ ಕಡೆಯವರಿಗೆ ಹೇಳುವುದೋ ಬಿಡುವುದೋ ಅದು ಅವಳ ವಿವೇಚನೆ. ಅವಳಿಗೇ ಹೇಳದಿರುವುದಕ್ಕೆ ಯಾರಿಗೂ ಅಧಿಕಾರವಿರಲಿಲ್ಲ. ಹಿರಿಯರ ಚರ್ಚೆಯಲ್ಲಿ ಈ ಎರಡೂ ಒಂದೇ ಎಂಬಂತೆ ಬೆರೆತುಹೋಗಿದ್ದವು. ಮದುವೆಯ ಮಾತಿನ ಗದ್ದಲದಲ್ಲಿ, ಅವಳ ಕಣ್ಣಿನ ಅಂಚು ಈ ವಾರವೇ ಹರಿಯಬಹುದೆಂಬುದು ಯಾರ ಲೆಕ್ಕದಲ್ಲಿಯೂ ಇರಲಿಲ್ಲ.

ತಾಯಿ ಆಸ್ಪತ್ರೆಯ ಕಾಗದಗಳನ್ನು ಚೀಲದಲ್ಲಿಟ್ಟುಕೊಂಡು ಒಬ್ಬಳೇ ಅಣ್ಣನ ಮನೆಗೆ ಹೋದಳು. ಅವನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ‘ನನ್ನ ಕಣ್ಣು ಹೋದದ್ದು ಬುಗುರಿಯಿಂದ’ ಎಂದು ಎದ್ದು ಹೊರಗೆ ಹೋದನು. ಐವತ್ತು ವರ್ಷ ನಂಬಿಕೊಂಡು ಬಂದ ಕಥೆಯನ್ನು ಒಂದು ಮಧ್ಯಾಹ್ನದಲ್ಲಿ ಬಿಡು ಎಂದರೆ ಯಾರಿಗಾದರೂ ಕಷ್ಟವೇ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹುಡುಗಿ ಕಾಗದಗಳನ್ನು ಕೇಳಿ ಪಡೆದು ಓದಿದಳು. ಅತ್ತೆಯನ್ನು ಕೇಳಿದುದು ಒಂದೇ ಮಾತು: ಪರೀಕ್ಷೆಗೆ ಎಷ್ಟು ಹೊತ್ತು ಬೇಕು? ಹನಿ ಹಾಕಿ ಅರ್ಧ ಗಂಟೆ ಕಾಯಬೇಕು, ನೋಡಲು ಕೆಲವು ನಿಮಿಷ, ಅಂದು ಸಂಜೆಯವರೆಗೆ ಓದು ಮಂಜಾಗಿರುತ್ತದೆ. ಇಷ್ಟೇ.

ಅವಳು ಮರುವಾರ ಬಸ್ಸಿನಲ್ಲಿ ಬಂದಳು. ಬಲಗಣ್ಣಿನ ಅಂಚಿನಲ್ಲಿ ಎರಡು ತೂತುಗಳಿದ್ದವು, ಒಂದರ ಸುತ್ತ ನೀರು ಸೇರತೊಡಗಿತ್ತು. ಅಂದೇ ಲೇಸರ್ ಹಾಕಿದರು. ಹಾಸಿಗೆ ಹಿಡಿಯಬೇಕಾಗಲಿಲ್ಲ, ಖರ್ಚು ಅವಳ ಸೋದರತ್ತೆಯ ಮಗಳಿಗೆ ಆದುದರ ಒಂದು ಸಣ್ಣ ಭಾಗ. ವರನ ಮನೆಗೆ ಅವಳೇ ಪತ್ರ ಬರೆದಳು, ತಂದೆಗೆ ತೋರಿಸಿ, ಅವನ ಒಪ್ಪಿಗೆಗೆ ಕಾಯದೆ. ಅವರು ಆರು ತಿಂಗಳು ಏನನ್ನೂ ತಿಳಿಸಲಿಲ್ಲ, ಬಳಿಕ ಬೇಡವೆಂದರು. ೨೦೨೧ರಲ್ಲಿ ಬೇರೆ ಕಡೆ, ಎಲ್ಲವನ್ನೂ ತಿಳಿದವರೊಡನೆ ಅವಳ ಮದುವೆಯಾಯಿತು. ಇದನ್ನು ಸತ್ಯಕ್ಕೆ ಸಿಕ್ಕ ಬಹುಮಾನವೆಂದು ಬಣ್ಣಿಸುವುದು ಬೇಡ. ಮದುವೆ ಆಗದೆಯೂ ಇರಬಹುದಿತ್ತು, ಆಗಲೂ ಆ ಪತ್ರ ಸರಿಯಾದ ಪತ್ರವೇ ಆಗಿರುತ್ತಿತ್ತು.

ಮಲ್ಲತ್ತಹಳ್ಳಿಯ ಬಾಲಕಿಯ ಎಡಗಣ್ಣಿನಿಂದ ಎಣ್ಣೆ ತೆಗೆದರು, ಮೋತಿಬಿಂದುವನ್ನೂ ತೆಗೆದರು. ಆ ಕಣ್ಣಿಗೆ ಈಗ ಎದುರಿಗಿರುವವರ ಮುಖದ ಆಕಾರ ಕಾಣುತ್ತದೆ, ಅಕ್ಷರ ಕಾಣದು. ಬಲಗಣ್ಣು ನಿಂತಿದೆ, ಅವಳು ಕಾಲೇಜಿನಲ್ಲಿ ಓದುತ್ತಿದ್ದಾಳೆ. ವರ್ಷಕ್ಕೆ ಎರಡು ಸಲ ತಾಯಿ ಮಗಳಿಬ್ಬರೂ ಒಟ್ಟಿಗೆ ಹನಿ ಹಾಕಿಸಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕುಳಿತಿರುತ್ತಾರೆ. ಅಣ್ಣನು ತನ್ನ ಉಳಿದ ಕಣ್ಣನ್ನು ತೋರಿಸಲು ಕಳೆದ ವರ್ಷ ಒಪ್ಪಿಕೊಂಡನು, ಈಗಲೂ ಬುಗುರಿಯ ಕಥೆಯನ್ನು ಬಿಟ್ಟಿಲ್ಲ. ವೈದ್ಯರ ಆ ಕಾಗದದ ಒಂದು ನಕಲು ಮನೆಯ ಬೀರುವಿನಲ್ಲಿ ಪಾಸುಬುಕ್ಕುಗಳ ಜೊತೆಗಿದೆ. ಅಜ್ಜನ ತಮ್ಮನ ಸಾಲಿನಲ್ಲಿ ಎರಡು ಚೌಕ, ಮೂರು ವೃತ್ತ ಇನ್ನೂ ಖಾಲಿ ಇವೆ. ಅವರಿಗೂ ಪತ್ರ ಹೋಗಿದೆ.